ಹೂಂ ಅಂದ ಮೇಲೆ

ನಮ್ಮ ಬೀದಿಯ ಗಂಡಸರ ಜೊತೆ ಜಗಳ ಆಡುವುದು ದಂಡ. ನಾವು ಅರ್ಧ ಗಂಟೆ ಬಾಯಿ ಬಡಿದುಕೊಂಡ ಮೇಲೆ ಅವರು ತಲೆಯಾಡಿಸಿ ‘ಹೂಂ’ ಅನ್ನುತ್ತಾರೆ. ಒಪ್ಪಿದರು ಎಂದುಕೊಂಡರೆ ನಮ್ಮಂಥ ಪೆದ್ದರಿಲ್ಲ. ಅವರಿಗೆ ನಾವು ಹೇಳಿದ್ದು ಕೇಳಿಸಿಯೇ ಇರುವುದಿಲ್ಲ. ಹದಿನೈದು ಹದಿನಾರನೇ ವಯಸ್ಸಿಗೇ ಪವರ್‌ಲೂಮ್ ಮಗ್ಗದ ಮುಂದೆ ನಿಂತವರು, ನಲವತ್ತು ದಾಟುವ ಹೊತ್ತಿಗೆ ಕಿವಿ ಹೋಗಿರುತ್ತದೆ. ಹಾಗಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಇಲ್ಲ. ಕೇಳಿಸಲಿಲ್ಲ ಅನ್ನುವುದಕ್ಕಿಂತ ಹೂಂ ಅನ್ನುವುದು ಅವರಿಗೆ ಸುಲಭ. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಸೊಸೆಯಾಗಿ ಬಂದವಳು ಮೊದಲು ಕಲಿಯುವುದೇ ಇದನ್ನು. ನಾನೂ ಕಲಿತೆ.

ನಮ್ಮ ಮನೆಯವರೂ ಹಾಗೇ. ಮಗ್ಗಗಳು ಓಡುತ್ತಿರುವಾಗ ಅವರಿಗೆ ಎಲ್ಲವೂ ತಿಳಿಯುತ್ತದೆ, ಅದೇ ವಿಚಿತ್ರ. ಆ ಸದ್ದಿನಲ್ಲಿ ಎಲ್ಲರೂ ಎದುರಿಗೆ ಬಂದು, ಮುಖ ಕೊಟ್ಟು, ಬಾಯಿ ಬಿಟ್ಟು ಕೂಗುತ್ತಾರಲ್ಲ, ಅವರು ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಾರೆ. ಕರೆಂಟ್ ಹೋಗಿ ಮನೆ ತಣ್ಣಗಾಯಿತೆಂದರೆ ಕಷ್ಟ. ಜನ ಮೆತ್ತಗೆ, ಎತ್ತಲೋ ನೋಡಿಕೊಂಡು ಮಾತಾಡಲು ಶುರುಮಾಡುತ್ತಾರೆ, ಇವರು ಹೂಂಗುಟ್ಟಲು ಶುರುಮಾಡುತ್ತಾರೆ. ಬ್ಯಾಂಕಿಗೋ ಆಸ್ಪತ್ರೆಗೋ ಹೋದರೆ ನಾನೋ ಮಗಳೋ ಪಕ್ಕದಲ್ಲಿ ಇರುತ್ತಿದ್ದೆವು. ಎದುರಿನವರು ಹೇಳಿದ್ದನ್ನೇ ನಮಗೆ ಅರ್ಥವಾಗದವರ ಹಾಗೆ ಜೋರಾಗಿ ತಿರುಗಿ ಕೇಳಿ, ಅವರ ಕಿವಿಗೆ ಹಾಕುತ್ತಿದ್ದೆವು. ಯಶು ಚಿಕ್ಕವಳಿದ್ದಾಗಿನಿಂದ ಇದರಲ್ಲಿ ನನಗಿಂತ ಜಾಣೆ.

ಯಶಸ್ವಿನಿ ನಮಗೆ ಒಬ್ಬಳೇ ಮಗಳು. ಅವಳಿಗೆ ಲೆಕ್ಕ ಎಂದರೆ ಹುಚ್ಚು. ಬೇರೆ ಮಕ್ಕಳು ಸದ್ದಿಗೆ ಹೆದರಿ ಮಹಡಿಗೆ ಓಡಿದರೆ ಇವಳು ಮಗ್ಗದ ಕೋಣೆಗೇ ಬಂದು, ನಾನು ಕಂಡಿಕೆಗೆ ನೂಲು ಸುತ್ತುವ ಮೂಲೆಯಲ್ಲಿ ಗೋಡೆಗೆ ಒರಗಿ ಕೂತು ಲೆಕ್ಕ ಮಾಡುತ್ತಿದ್ದಳು. ಒಂದು ಲೆಕ್ಕ ಬಿಡಿಸಿದರೆ ತಲೆ ಎತ್ತಿ ಅಪ್ಪನನ್ನು ನೋಡುತ್ತಿದ್ದಳು. ಅವರು ಮಗ್ಗದ ಮೇಲಿನ ಸೀರೆಯಿಂದ ಕಣ್ಣು ತೆಗೆಯದೆಯೇ ಒಂದು ಕೈ ಎತ್ತಿ ಭೇಷ್ ಅನ್ನುವಂತೆ ಆಡಿಸುತ್ತಿದ್ದರು. ಲೆಕ್ಕ ಸರಿಯೋ ತಪ್ಪೋ ಅವರಿಗೆ ದೇವರಾಣೆ ಗೊತ್ತಿರಲಿಲ್ಲ. ಆದರೂ ಇಬ್ಬರಿಗೂ ಅದರಲ್ಲಿ ಏನೋ ಸಂತೋಷ.

ಹೈಸ್ಕೂಲಿನ ಮೇಷ್ಟರೊಬ್ಬರು ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ತೋರಿಸಲು ಕರೆದುಕೊಂಡು ಹೋಗಿದ್ದರು. ಆವತ್ತಿನಿಂದ ಹುಡುಗಿಗೆ ಬೇರೆ ಮಾತೇ ಇಲ್ಲ. ಅಲ್ಲಿ ಲೆಕ್ಕವನ್ನೇ ದಿನವಿಡೀ ಓದುತ್ತಾರಂತೆ, ದೊಡ್ಡ ದೊಡ್ಡವರು ಸೀಮೆಸುಣ್ಣ ಹಿಡಿದು ಗೋಡೆ ತುಂಬ ಬರೆಯುತ್ತಾರಂತೆ, ಮರಗಳ ಕೆಳಗೆ ಕೂತು ವಾದ ಮಾಡುತ್ತಾರಂತೆ. ಅಲ್ಲಿಗೆ ಸೇರಬೇಕಾದರೆ ಪಿಯುಸಿ ಜೊತೆಗೇ ಅಲ್ಲಿನ ದೊಡ್ಡ ಪ್ರವೇಶ ಪರೀಕ್ಷೆಗೂ ತಯಾರಿ ಮಾಡಬೇಕು, ಅದಕ್ಕೆ ಇಂಟಿಗ್ರೇಟೆಡ್ ಬ್ಯಾಚ್ ಅಂತ ಇರುತ್ತದೆ, ಸುಮ್ಮನೆ ಪಿಯುಸಿ ಮಾಡಿದರೆ ಆಗುವುದಿಲ್ಲ ಎಂದು ಮೇಷ್ಟರು ಹೇಳಿದ್ದರು. ಊರಾಚೆಯ ಒಂದು ಕಾಲೇಜಿನಲ್ಲಿ ಆ ಬ್ಯಾಚಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಪಾಠ, ಉಳಿಯಲು ಹಾಸ್ಟೆಲ್, ಎಲ್ಲ ಸೇರಿ ನಮ್ಮಂಥವರಿಗೆ ಎಟುಕುವಂಥದ್ದಲ್ಲ. ಆದರೆ ಯಾವುದೋ ಟ್ರಸ್ಟಿನವರು ಪರೀಕ್ಷೆ ಇಟ್ಟು ನಮ್ಮ ತಾಲ್ಲೂಕಿನ ಒಂದು ಮಗುವಿಗೆ ಆ ಬ್ಯಾಚಿನಲ್ಲಿ ಸೀಟು ಕೊಡುತ್ತಿದ್ದರು. ಯಶು ಆ ಪರೀಕ್ಷೆಯಲ್ಲಿ ಮೊದಲು ಬಂದಳು. ತೂಬಗೆರೆ ಕಡೆಯ ಪದ್ಮಶ್ರೀ ಎಂಬ ಹುಡುಗಿ ಎರಡನೆಯವಳು.

ತಂದೆಯೋ ತಾಯಿಯೋ ಬಂದು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಹೋಗಬೇಕೆಂದು ಕಾಲೇಜಿನಿಂದ ಫೋನ್ ಬಂತು. ನಾನು ಸೀರೆ ಬದಲಾಯಿಸಲು ಎದ್ದೆ. ಇವರು ಬೇಡ ಎಂದರು. ಸೀರೆ ನೇಯಿಸುವ ಮಾಲೀಕರ ಆರ್ಡರು ಆವತ್ತೇ ಇಳಿಸಬೇಕಿತ್ತು, ಮಗ್ಗ ನಿಲ್ಲಿಸುವ ಹಾಗಿರಲಿಲ್ಲ, ಒಬ್ಬರು ನಿಂತು ನೋಡಿಕೊಳ್ಳಬೇಕಿತ್ತು, ಅದು ನಿಜವೇ. ಆದರೆ ನಿಜವಾದ ಕಾರಣ ಬೇರೆ. ಮಗಳ ಸೀಟಿನ ಮಾತಿಗೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಲು ಅವರಿಗೆ ಮನಸ್ಸಿರಲಿಲ್ಲ. ಮದುವೆ ಮುಂಜಿಗೆಂದು ಎತ್ತಿಟ್ಟ ಬಿಳಿ ಅಂಗಿ ಹಾಕಿಕೊಂಡರು, ತಲೆಗೆ ಎಣ್ಣೆ ಹಚ್ಚಿಕೊಂಡರು, ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟರು. ಯಶು ಜೊತೆಗೆ ಇರುತ್ತಾಳಲ್ಲ ಎಂದು ನಾನೂ ಸುಮ್ಮನಾದೆ.

ಮಧ್ಯಾಹ್ನ ಇವರು ಒಂದು ಡಬ್ಬ ಮೈಸೂರುಪಾಕು ಹಿಡಿದುಕೊಂಡು ಬಂದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಂಚಿದರು. ಪಕ್ಕದ ಮನೆಯ ನರಸಮ್ಮನಿಗೆ ಎರಡು ಸಲ ಕೊಟ್ಟರು. ಪ್ರಿನ್ಸಿಪಾಲರು ತಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದರು, ಬಹಳ ಗೌರವ ಕೊಟ್ಟರು, ಎಲ್ಲದಕ್ಕೂ ಆಗಲಿ ಎಂದು ಬಂದೆ ಎಂದು ಹೇಳಿಕೊಂಡರು. ಆ ಮುಖದ ಕಳೆ ನೋಡಿ ನನಗೂ ಹೊಟ್ಟೆ ತುಂಬಿತು. ಯಶು ಮಾತ್ರ ಒಂದು ತುಂಡನ್ನೂ ಬಾಯಿಗೆ ಹಾಕಲಿಲ್ಲ. ನೂಲು ಸುತ್ತುವ ಮೂಲೆಗೆ ಬಂದು, ಅಪ್ಪನಿಗೆ ತುಟಿ ಕಾಣದ ಹಾಗೆ ನನ್ನ ಕಡೆ ತಿರುಗಿ ಕೂತಳು.

“ಅಮ್ಮ, ಸೀಟು ಹೋಯ್ತು,” ಎಂದಳು.

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂರಬೇಕು, ದೊಡ್ಡವರು ಮಾತ್ರ ಒಳಗೆ ಬರಬೇಕು ಎಂದರಂತೆ. ಬಾಗಿಲಿಗೆ ಬರೀ ಕರ್ಟನ್. ಇವಳು ಎದ್ದು ಅದರ ಹತ್ತಿರ ನಿಂತಿದ್ದಾಳೆ. ಪ್ರಿನ್ಸಿಪಾಲರಿಗೆ ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಸಾಲದ್ದಕ್ಕೆ ಅವರು ಗಲ್ಲಕ್ಕೆ ಕೈ ಕೊಟ್ಟುಕೊಂಡು, ಕಂಪ್ಯೂಟರ್ ನೋಡಿಕೊಂಡು, ಮೆತ್ತಗಿನ ದನಿಯಲ್ಲಿ ಮಾತಾಡುವವರು. ನಿಮ್ಮ ಮಗಳಿಗೆ ಮನೆ ಊರಲ್ಲೇ ಇದೆ, ಆ ತೂಬಗೆರೆ ಮಗುವಿಗೆ ಹಾಸ್ಟೆಲ್ ಸಿಗದಿದ್ದರೆ ಓದೇ ನಿಲ್ಲುತ್ತದೆ, ಟ್ರಸ್ಟಿನ ಸೀಟನ್ನು ಆ ಮಗುವಿಗೆ ಬಿಟ್ಟುಕೊಡಲು ನೀವು ಒಪ್ಪಿದರೆ ನಿಮ್ಮ ಮಗಳನ್ನು ಮಾಮೂಲಿ ಸೈನ್ಸ್ ಬ್ಯಾಚಿಗೆ ಸೇರಿಸಿಕೊಳ್ಳುತ್ತೇನೆ, ಬಲವಂತವಿಲ್ಲ, ಯೋಚನೆ ಮಾಡಿ ಹೇಳಿ ಎಂದರಂತೆ. ಇವರು ಯೋಚನೆಯನ್ನೇನೂ ಮಾಡಲಿಲ್ಲ. ಎದ್ದು ನಿಂತು ಕೈ ಮುಗಿದು, “ಹೂಂ ಸಾರ್, ಆಗ್ಲಿ ಸಾರ್, ನೀವ್ ಹೆಂಗೆ ಹೇಳ್ತೀರೋ ಹಂಗೆ,” ಎಂದರಂತೆ.

ನನಗೆ ಮೈಯೆಲ್ಲ ಉರಿದು ಹೋಯಿತು. ಮೊದಲು ಸಿಟ್ಟು ಬಂದದ್ದು ಮಗಳ ಮೇಲೆಯೇ. ಕರ್ಟನ್ ಹಿಂದೆ ಕಂಬದ ಹಾಗೆ ನಿಂತಿದ್ದೆಯಲ್ಲೇ, ಒಳಗೆ ನುಗ್ಗಿ ಅಪ್ಪನಿಗೆ ಕೇಳಿಸಿಲ್ಲ ಎಂದು ಹೇಳುವುದಕ್ಕೆ ನಿನಗೇನು ಬಾಯಿರಲಿಲ್ಲವೇ ಎಂದು ಬೈದೆ. ಅವಳು ಕಾಲು ಮುಂದಿಟ್ಟೆ ಅಮ್ಮ ಎಂದಳು. ಅಷ್ಟರಲ್ಲಿ ಪ್ರಿನ್ಸಿಪಾಲರು ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡು, ನಿಮ್ಮಂಥ ದೊಡ್ಡ ಮನುಷ್ಯರನ್ನು ನಾನು ನೋಡಿಲ್ಲ ಎಂದರಂತೆ. ಅಪ್ಪ ಹಾಗೆ ನಗುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲವಂತೆ. ಆ ನಗು ನೋಡಿದ ಮೇಲೆ ಅವಳಿಗೆ ಒಳಗೆ ಹೋಗಲು ಆಗಲಿಲ್ಲ.

ಮಾರನೇ ದಿನ ಬೆಳಗ್ಗೆಯೇ ನಾನು ಕಾಲೇಜಿಗೆ ಹೋದೆ. ಮನೆಯಲ್ಲಿ ನೂಲು ತರಲು ಹೋಗುತ್ತೇನೆ ಎಂದಿದ್ದೆ. ಪ್ರಿನ್ಸಿಪಾಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ನಮ್ಮ ಮನೆಯವರಿಗೆ ಕಿವಿ ಕೇಳಿಸುವುದಿಲ್ಲ ಎಂದೂ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಆ ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ನಾಲ್ಕು ಬೈದು ಬರುತ್ತಿದ್ದೆ. ಮುಖ ಸಣ್ಣದು ಮಾಡಿಕೊಂಡು ನನ್ನ ಎದುರಿಗೇ ಟ್ರಸ್ಟಿನವರಿಗೆ ಫೋನ್ ಮಾಡಿದರು. ಆ ಹುಡುಗಿಯ ಹೆಸರನ್ನು ಹಿಂದಿನ ಸಂಜೆಯೇ ಗಟ್ಟಿ ಮಾಡಿ ಮನೆಗೆ ತಿಳಿಸಿಯಾಗಿತ್ತು, ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳುವುದಿಲ್ಲ ಎಂದು ಆ ಕಡೆಯವರು ಹೇಳಿದರು. “ಕೇಳಿಸ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲಮ್ಮ,” ಎಂದರು ಪ್ರಿನ್ಸಿಪಾಲರು. ನೀವು ಮೀಸೆ ಕತ್ತರಿಸಿಕೊಂಡಿದ್ದರೂ ಸಾಕಿತ್ತು ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಬಸ್ ಸ್ಟಾಂಡಿನವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ನಡೆದೆ.

ಇನ್ನು ಗಂಡನಿಗೆ ಹೇಳಬೇಕು. ಹೇಳಿಯೇ ತೀರುತ್ತೇನೆ ಎಂದು ಹೊರಟವಳನ್ನು ಯಶು ಅಡಿಗೆಮನೆಯಲ್ಲಿ ತಡೆದಳು.

“ಬೇಡ ಕಣಮ್ಮ. ತನ್ನಿಂದ ಹೋಯ್ತು ಅಂತ ಗೊತ್ತಾದ್ರೆ ಅಪ್ಪ ಇನ್ಮೇಲೆ ಯಾರ ಮುಂದೇನೂ ಹೋಗಿ ನಿಲ್ಲಲ್ಲ. ನಾನೇ ಬೇಡ ಅಂದೆ ಅಂತ ಹೇಳ್ತೀನಿ. ನಾಲ್ಕ್ ದಿನ ಬೈತಾರೆ, ಅಷ್ಟೇ ತಾನೆ.”

ಹದಿನಾರು ತುಂಬದ ಹುಡುಗಿ. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡಳು. ಯಾಕೆ ಒಪ್ಪಿದೆಯೇ ಎಂದು ಯಾರಾದರೂ ಕೇಳಿದರೆ, ಬೆಳೆದ ಮಗಳು ಅಷ್ಟು ಕೇಳಿಕೊಂಡರೆ ಯಾವ ತಾಯಿ ಒಪ್ಪುವುದಿಲ್ಲ ಎಂದು ತಿರುಗಿ ಕೇಳುತ್ತೇನೆ.

ಇವರು ಅಷ್ಟರಲ್ಲಿ ಹಾಸ್ಟೆಲ್ಲಿಗೆಂದು ಹಾಸಿಗೆ ಹೊಲಿಸಲು ಕೊಟ್ಟಿದ್ದರು. ಇಲ್ಲೇ ಹತ್ತಿರದ ಮಧುರೆಯಲ್ಲಿರುವ ನನ್ನ ತವರಿಗೂ ಫೋನ್ ಹೋಗಿತ್ತು, ಮೊಮ್ಮಗಳು ಟಾಟಾ ಇನ್‌ಸ್ಟಿಟ್ಯೂಟಿಗೇ ಸೇರಿಬಿಟ್ಟಳು ಅನ್ನುವಷ್ಟರ ಮಟ್ಟಿಗೆ ಸುದ್ದಿ ಬೆಳೆದಿತ್ತು. ಕಾಲೇಜು ಶುರುವಾಗುವ ಹಿಂದಿನ ದಿನ ಹಾಸಿಗೆ ಮನೆಗೆ ಬಂತು. ಆಗ ಯಶು ಹೇಳಿದಳು. ಅಪ್ಪನ ಎದುರಿಗೆ ನಿಂತು, ತುಟಿ ಚೆನ್ನಾಗಿ ಕಾಣುವಂತೆ, ಆ ಬ್ಯಾಚ್ ನನಗೆ ಬೇಡ, ಓದು ಜಾಸ್ತಿ, ನನ್ನಿಂದ ಆಗುವುದಿಲ್ಲ, ಮಾಮೂಲಿ ಬ್ಯಾಚೇ ಸಾಕು ಎಂದು ನಾನೇ ಸಾರ್‌ಗೆ ಹೇಳಿದೆ ಎಂದಳು. ಅಷ್ಟು ಉದ್ದದ ಸುಳ್ಳನ್ನು ಒಂದೇ ಉಸಿರಿಗೆ ಹೇಳಿದಳು.

ಇವರು ನಂಬಿದರು. ಅದೇ ನನಗೆ ಇವತ್ತಿಗೂ ತಡೆಯಲಾಗದ ಸಂಕಟ. ಊಟ ನಿದ್ದೆ ಬಿಟ್ಟು ಓದಿದ ಹುಡುಗಿ ಓದು ಜಾಸ್ತಿ ಎಂದಳೆಂದರೆ ಅದನ್ನು ನಂಬಬೇಕೇ?

“ನಿನ್ಗೋಸ್ಕರ ಆವಯ್ಯನ ಮುಂದೆ ಕೈ ಮುಗ್ದು ನಿಂತಿದ್ನಲ್ಲೇ,” ಎಂದರು ಇವರು. ಅಷ್ಟೇ. ಬೈಯಲೂ ಇಲ್ಲ. ಆವತ್ತಿನಿಂದ ಅವಳ ಜೊತೆ ಮಾತು ಬಿಟ್ಟರು.

ಬೇರೆ ಮನೆಯಲ್ಲಿ ಅಪ್ಪ ಮಾತು ಬಿಟ್ಟರೂ ಮಗಳು ಮಾತಾಡಬಹುದು. ಎರಡು ದಿನ ಹಿಂದೆ ಮುಂದೆ ತಿರುಗಿ, ಅಪ್ಪಾ ಅಪ್ಪಾ ಎಂದು ರಮಿಸಿ, ಹೇಗೋ ಒಲಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಅದಕ್ಕೂ ದಾರಿಯಿಲ್ಲ. ಇವರು ಮುಖ ತಿರುಗಿಸಿದರೆಂದರೆ ನಾವು ಆಡಿದ ಒಂದು ಮಾತೂ ಅವರಿಗೆ ಮುಟ್ಟುವುದಿಲ್ಲ. ಯಶು ಟೀ ತಂದರೆ ಲೋಟದ ಕಡೆ ನೋಡುತ್ತಿದ್ದರು, ಹೋಗಿ ಬರುತ್ತೇನೆ ಎಂದರೆ ಸೀರೆಯ ಕಡೆ ನೋಡುತ್ತಿದ್ದರು. ಅವಳು ಅವರ ಬೆನ್ನಿಗೆ ಹೇಳಿ ಹೋಗುತ್ತಿದ್ದಳು. ನಾಲ್ಕು ದಿನ ಎಂದಿದ್ದಳಲ್ಲ, ವಾರಗಳೇ ಕಳೆದವು.

ಮಾಮೂಲಿ ಬ್ಯಾಚಿನವರನ್ನು ಮಧ್ಯಾಹ್ನವೇ ಬಿಡುತ್ತಾರೆ. ಇಂಟಿಗ್ರೇಟೆಡ್‌ನವರಿಗೆ ಆಮೇಲೂ ಪಾಠ ಇರುತ್ತದೆ. ಮೊದಮೊದಲು ಯಶು ಬಸ್ ಬಿಟ್ಟು ಅವರ ಕ್ಲಾಸಿನ ಹೊರಗೆ ಕಿಟಕಿ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳಂತೆ. ಯಾರೋ ಮೇಡಮ್ಮು ಇಲ್ಲಿ ನಿಲ್ಲಬಾರದಮ್ಮ ಎಂದು ಕಳಿಸಿದರಂತೆ. ಅದಾದ ಮೇಲೆ ನೇರ ಮನೆಗೆ ಬರತೊಡಗಿದಳು. ಮಗ್ಗದ ಕೋಣೆಗೆ ಬಂದು ಕೂರುವುದೂ ನಿಂತಿತು. ಮಹಡಿ ಮೇಲೆ ಏನು ಮಾಡುತ್ತಿದ್ದೀಯೇ ಎಂದರೆ ಬಟ್ಟೆ ಮಡಚುತ್ತಿದ್ದೇನೆ ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಟವಲ್ ಮಡಚಿದವಳಲ್ಲ. ಇವರಿಗೆ ಎಲ್ಲವನ್ನೂ ಹೇಳಿಬಿಡೋಣ ಎಂದು ಎಷ್ಟು ಸಲ ನಾಲಿಗೆ ತುದಿಗೆ ಬಂತೋ, ಆಣೆ ನೆನಪಾಗಿ ನುಂಗಿಕೊಂಡೆ.

ಆಷಾಢದಲ್ಲಿ ಒಂದು ಮಧ್ಯಾಹ್ನ ಮಗ್ಗಗಳೆಲ್ಲ ಓಡುತ್ತಿದ್ದಾಗ, ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ತೂಬಗೆರೆ ಕಡೆಯ ರೈತರು. ನಾನು ಪದ್ಮಶ್ರೀಯ ತಂದೆ ಮುನಿಶಾಮಪ್ಪ ಎಂದರು. ಎದ್ದು ಅವರನ್ನು ಹೊರಗೇ ಮಾತಾಡಿಸಿ ಕಳಿಸಬೇಕೆಂದುಕೊಂಡೆ, ಆದರೆ ಅವರು ಆಗಲೇ ಹಣ್ಣನ್ನು ನೆಲಕ್ಕಿಳಿಸಿ ನಮ್ಮ ಮನೆಯವರ ಎದುರಿಗೆ ಹೋಗಿದ್ದರು. ಒಳ್ಳೆಯ ಮನುಷ್ಯ, ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ಇವರ ಎರಡೂ ಕೈ ಹಿಡಿದುಕೊಂಡು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಕೂಗಿದರು.

“ಚೌಡೇಶಣ್ಣ, ನಿಮ್ ಮಗಳಿಗೆ ಬಂದಿದ್ ಸೀಟ ನನ್ ಮಗಳಿಗೆ ಬಿಟ್ಕೊಟ್ರಂತಲ್ಲ. ಬಿಟ್ಕೊಡ್ತೀರಾ ಅಂತ ಪ್ರಿನ್ಸಿಪಾಲ್ರು ಕೇಳ್ತಿದ್ದಂಗೇ ಹೂಂ ಅಂದ್ರಂತೆ. ಇಂಥ ಮನಸು ಯಾರಿಗ್ ಬರ್ತದೆ ಹೇಳಿ.”

ಒಂದಕ್ಷರವೂ ತಪ್ಪದೆ ಎಲ್ಲವೂ ಇವರಿಗೆ ತಿಳಿಯಿತು. ತಿಳಿದದ್ದು ಅವರ ಮುಖದಲ್ಲೇ ನನಗೆ ಕಂಡಿತು. ಆ ಮನುಷ್ಯನ ಕೈಯನ್ನು ಇವರು ಬಿಡಲಿಲ್ಲ. ನಿಮ್ಮ ಮಗಳು ಚೆನ್ನಾಗಿ ಓದಲಿ ಎಂದರು. ಕಾಫಿ ಮಾಡು ಎಂದು ನನಗೆ ಸನ್ನೆ ಮಾಡಿದರು. ಮುನಿಶಾಮಪ್ಪನವರು ಕುಡಿದು, ಮಗಳು ಹಾಸ್ಟೆಲ್ಲಿನಲ್ಲಿ ಸುಖವಾಗಿದ್ದಾಳೆಂದು ಹೇಳಿ, ಕಣ್ಣೊರೆಸಿಕೊಂಡು ಹೋದರು. ಅವರಿಗೆ ಏನು ತಾನೇ ಗೊತ್ತಿತ್ತು.

ಅವರು ಬೀದಿ ತಿರುಗುವವರೆಗೆ ಇವರು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬಂದು ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದರು. ಹಾಡುಹಗಲಲ್ಲಿ, ಕರೆಂಟ್ ಇರುವಾಗ, ಅರ್ಧ ಸೀರೆ ಮಗ್ಗದ ಮೇಲಿರುವಾಗ ನಮ್ಮ ಮನೆಯ ಸದ್ದು ನಿಂತದ್ದು ಅವರ ಅಪ್ಪ ತೀರಿಕೊಂಡ ದಿನ ಬಿಟ್ಟರೆ ಅದೇ. ನನ್ನ ಕಡೆ ನೋಡಿ, ನಿನಗೆ ಗೊತ್ತಿತ್ತಾ ಎಂದರು. ನಾನು ಗೊತ್ತಿತ್ತು ಎಂದೆ. ಇನ್ನು ಮುಚ್ಚಿಡುವುದೇನಿದೆ ಎಂದು ಬೈಯುತ್ತಾ ಅಳುತ್ತಾ ಎಲ್ಲ ಹೇಳಿದೆ, ಕರ್ಟನ್, ಮೀಸೆ, ನಾನು ಕಾಲೇಜಿಗೆ ಹೋಗಿ ಬಂದದ್ದು, ಅವಳು ತಲೆಯ ಮೇಲೆ ಕೈ ಇಡಿಸಿಕೊಂಡದ್ದು. ಅವರು ನನ್ನ ತುಟಿಯಿಂದ ಕಣ್ಣು ಕೀಳಲಿಲ್ಲ. ಮುಗಿದ ಮೇಲೆ ನೆಲದ ಮೇಲೆ ಕೂತುಬಿಟ್ಟರು. ಊಟಕ್ಕೆ ಕರೆದರೆ ಏಳಲಿಲ್ಲ.

ಯಶು ಬಂದಳು. ಬೀದಿಯಿಂದಲೇ ಸದ್ದಿಲ್ಲದ್ದು ಗೊತ್ತಾಗಿ ಓಡಿ ಬಂದಿದ್ದಳೋ ಏನೋ, ಏದುಸಿರು ಬಿಡುತ್ತಿದ್ದಳು. ಬ್ಯಾಗು ಇಳಿಸುವುದನ್ನೂ ಮರೆತು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಷ್ಟು ವಾರಗಳ ಮೇಲೆ ಇವರು ಅವಳ ಮುಖಕ್ಕೆ ಮುಖ ಕೊಟ್ಟಿದ್ದರು.

“ಅವತ್ತು ನೀನು ಬಾಗ್ಲಲ್ಲೇ ಇದ್ಯಾ?” ಎಂದು ಕೇಳಿದರು.

ಅವಳು ತಲೆಯಾಡಿಸಿದಳು.

“ಒಳಗ್ ಬಂದು, ನಮ್ಮಪ್ಪಂಗೆ ಕಿವಿ ಕೇಳ್ಸಲ್ಲ ಅಂತ ಹೇಳ್ಬೇಕಿತ್ತು ಕಣವ್ವ. ಅಷ್ಟು ಹೇಳಿದ್ರೆ ನಾನೇನ್ ಸತ್ತೋಗ್ತಿದ್ನಾ?”

ಆ ಮಾತನ್ನು ಅವರು ತಮ್ಮ ಬಾಯಿಂದ ಆಡಿದ್ದು ಅದೇ ಮೊದಲು. ಯಶು ಅಪ್ಪನ ಮುಂದೆ ಮಂಡಿಯೂರಿ ಕೂತಳು. ತಲೆ ತಗ್ಗಿಸಿಕೊಂಡು, ಎದೆಯೊಳಗೇ ಅನ್ನುವಷ್ಟು ಸಣ್ಣಗೆ ಏನೋ ಅಂದಳು. ನನಗೆ ಕೇಳಿಸಿತು. ಇವರಿಗೆ ಕೇಳಿಸಿರಲು ಸಾಧ್ಯವೇ ಇರಲಿಲ್ಲ. ಅಭ್ಯಾಸಬಲ, ಕತ್ತು ಆಗಲೇ ಆಡತೊಡಗಿತ್ತು, ಇನ್ನೇನು ಹೂಂ ಅನ್ನಬೇಕು. ನಾನು ಅದನ್ನೇ ಕಾದು ನಿಂತಿದ್ದೆ. ಕತ್ತು ಅಲ್ಲಿಗೇ ನಿಂತಿತು.

“ಕೇಳಿಸ್ಲಿಲ್ಲ ಕಣವ್ವ,” ಎಂದರು. “ಇನ್ನೊಂದ್ಸಲ ಹೇಳು.”

ಅವಳು ಮುಖ ಎತ್ತಿದಳು. ತುಟಿಯ ಮೇಲೆ ಸುರಿಯುತ್ತಿದ್ದ ಕಣ್ಣೀರನ್ನು ಅಂಗೈಯಿಂದ ಒರೆಸಿಕೊಂಡಳು, ಅಪ್ಪನಿಗೆ ತುಟಿ ಕಾಣಲೆಂದು. ನಿಂತುಹೋದ ಮಗ್ಗಗಳ ನಡುವೆ ಕೂತು, ಅವೆಲ್ಲ ಓಡುತ್ತಿದ್ದರೆ ಎಷ್ಟು ಜೋರಾಗಿ ಕೂಗಬೇಕೋ ಅಷ್ಟು ಜೋರಾಗಿ ಹೇಳಿದಳು.

“ನಂಗೆ ಆ ಸೀಟು ಬೇಕಿತ್ತು ಅಪ್ಪ.”

ಬೀದಿಗೆಲ್ಲ ಕೇಳಿಸಿತು. ಯಾವ ಸೀಟೇ, ಏನಾಯಿತೇ ಎಂದು ನರಸಮ್ಮ ತನ್ನ ಜಗಲಿಯಿಂದ ಕೇಳಿದಳು. ನಾನು ಹೋಗಿ ಬಾಗಿಲು ಹಾಕಿದೆ.